ಬಿಟ್ಟುಕೊಟ್ಟ ಹಾಲು

ವಸಂತದ ಮೊದಲ ದಿನದ ಹೊಸ ವರ್ಷದ ಹಬ್ಬ ಕಳೆದು ನಲವತ್ತು ದಿನವಾಗಿತ್ತು. ಗುಡ್ಡದ ನೆತ್ತಿಯ ಹಿಮ ಕರಗಿ ಕಾಲುವೆಗೆ ನೀರು ಬಂದಿತ್ತು, ಹಿಪ್ಪುನೇರಳೆ ಚಿಗುರಿತ್ತು, ಮರಿ ಹಾಕಿದ ಆಡುಗಳ ಕೆಚ್ಚಲು ಬಿಗಿದು ನಿಂತಿತ್ತು. ಕಲಾತೆಸಂಗ್ ಎಂಬ ಆ ಹಳ್ಳಿಯಲ್ಲಿ ವರ್ಷಕ್ಕಾಗುವ ತುಪ್ಪ, ಒಣಮೊಸರಿನ ಉಂಡೆ ಎಲ್ಲವೂ ಈ ಮೂರು ತಿಂಗಳಲ್ಲೇ ಆಗಬೇಕು. ತಯ್ಯೆಬೆ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹನ್ನೊಂದನೆಯ ಆಡಿನ ಹಾಲು ಕರೆಯುತ್ತಿದ್ದಳು. ಅವಳ ಅತ್ತೆ ಗೊಲಂದಾಮ್ ಎಡಗೈಯನ್ನು ಹಸುಗೂಸಿನ ಹಾಗೆ ಹೊಟ್ಟೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಆ ಕರಿ ಆಡಿಗೆ ಹೆಬ್ಬೆರಳು ಮಡಚಬೇಡ ಕಣೇ, ಒದಿಯುತ್ತೆ."

"ಒದ್ದಾಯ್ತು ಅತ್ತೆ. ನೀವು ಒಳಗೆ ಹೋಗಿ, ಗಾಳಿ ಇದೆ."

"ಹನ್ನೆರಡು ದಿನದಿಂದ ಒಳಗೇ ಇದ್ದೀನಿ. ಗೋಡೆಗೂ ನನ್ನ ನೋಡಿ ನೋಡಿ ಬೇಜಾರಾಗಿದೆ."

ಗೊಲಂದಾಮ್ ಮಶ್‍ಹದ್‍ನಿಂದ ಬಂದು ಹನ್ನೆರಡು ದಿನವಾಗಿತ್ತು. ಎಡ ಎದೆಯಲ್ಲಿದ್ದ ಗಡ್ಡೆಯನ್ನು ಆ ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ತೆಗೆದವರು ತಕ್ಷಣ ಹೊಲಿಗೆ ಹಾಕಿರಲಿಲ್ಲ. ಗಾಯ ತೆರೆದಿದ್ದ ಹಾಗೆಯೇ ಯಂತ್ರವೊಂದರ ದುಂಡು ತುದಿಯನ್ನು ಗಡ್ಡೆ ಇದ್ದ ಗುಳಿಯೊಳಗೆ ಕೂರಿಸಿ, ಇಪ್ಪತ್ತೈದು ನಿಮಿಷ ವಿಕಿರಣ ಕೊಟ್ಟು, ತುದಿಯನ್ನು ತೆಗೆದು ಆಮೇಲೆ ಹೊಲಿದಿದ್ದರು. ಊರಿನವರು ಇದನ್ನೆಲ್ಲ ಕರೆಂಟು ಕೊಡುವುದು ಅನ್ನುತ್ತಿದ್ದರು. ಹಿಂದೆ ಈ ಕಾಯಿಲೆಯಾದ ಇಬ್ಬರು ಹೆಂಗಸರು ಕರೆಂಟಿಗಾಗಿ ಮಶ್‍ಹದ್‍ನಲ್ಲಿ ಆರಾರು ವಾರ ಬಾಡಿಗೆ ಕೋಣೆ ಹಿಡಿದಿದ್ದರು. ಇಬ್ಬರೂ ಈಗಿಲ್ಲ.

ತಯ್ಯೆಬೆ ಹಾಲಿನ ಪಾತ್ರೆಗೆ ಬಟ್ಟೆ ಮುಚ್ಚಿ ಕೊಕಬಳ ಮನೆಗೆ ಹೊರಟಳು.

ಒಂದೊಂದು ಮನೆಯ ಹಾಲು ಕಡೆಯುವಷ್ಟು ಆಗುವುದಿಲ್ಲವೆಂದು ಆರು ಮನೆಯ ಹೆಂಗಸರು ಸರದಿ ಕಟ್ಟಿಕೊಂಡಿದ್ದರು. ಆರೂ ಮನೆಯ ಹಾಲು ನಾಲ್ಕಾರು ದಿನ ಒಬ್ಬಳ ಮನೆಗೆ, ಆಮೇಲೆ ಮುಂದಿನವಳ ಮನೆಗೆ. ಯಾರು ಎಷ್ಟು ಕೊಟ್ಟರೆಂದು ಅಳೆಯಲು ಒಂದೇ ತಾಮ್ರದ ಪಾತ್ರೆ, ಮನೆಗೊಂದು ಕಡ್ಡಿ. ಕಡ್ಡಿ ಅದ್ದಿ, ಹಾಲು ಮುಟ್ಟಿದಲ್ಲಿಗೆ ಕೊಕಬ್ ಚಾಕುವಿನಿಂದ ಕಚ್ಚು ಹಾಕುತ್ತಿದ್ದಳು. ಮೂವತ್ತು ವರ್ಷದಿಂದ ಸರದಿಯ ಯಜಮಾನಿ ಅವಳೇ.

ಅವತ್ತು ಕೊಕಬ್ ತಯ್ಯೆಬೆಯ ಹಾಲು ಅಳೆಯಲು ಇನ್ನೂ ಸಿಪ್ಪೆ ಹಸಿಯಾಗಿದ್ದ ಕಡ್ಡಿಯೊಂದನ್ನು ತೆಗೆದಳು.

"ಹೊಸ ಕಡ್ಡಿ ಯಾಕೆ ಚಿಕ್ಕಮ್ಮ? ನಮ್ಮ ಹಳೇದರಲ್ಲಿ ತಿಂಗಳ ಹಾಲಿದೆ. ಮುಂದಿನ ಸರದಿ ನಮ್ಮದೇ ಅಲ್ವಾ?"

"ಆಗಿತ್ತು. ನಿಮ್ಮತ್ತೆ ಬಿಟ್ಟುಕೊಟ್ಟಳಲ್ಲ. ಇಲ್ಲೇ, ಈ ಕಂಬದ ಹತ್ತಿರ ನಿಂತು ಹೇಳಿದ್ಲು. ನಿನ್ನೆ ಲೆಕ್ಕ ಮಾಡೋವಾಗ ಕಡ್ಡಿ ಮುರಿದು ಒಲೆಗೆ ಹಾಕ್ದೆ."

ತಯ್ಯೆಬೆಗೆ ನೆನಪಾಯಿತು. ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಗೊಲಂದಾಮ್ ಐದೂ ಮನೆಗೆ ಹೋಗಿದ್ದಳು. ದೂರ ಹೋಗುವವರು, ಸಾಯುವವರು ಹಾಗೆ ಹೋಗಿ ಋಣ ಬಿಡಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ನನ್ನ ಹಾಲಿನಲ್ಲಿ ಎಂದಾದರೂ ನೀರು ಸೇರಿದ್ದರೆ, ನಾಲಿಗೆ ತಪ್ಪಿ ಏನಾದರೂ ಅಂದಿದ್ದರೆ ಹಲಾಲ್ ಮಾಡಿಬಿಡಿ, ಮನ್ನಿಸಿ ಬಿಟ್ಟುಬಿಡಿ ಅಂದಿದ್ದಳು. ಅವರು ಮಾಡಿದ್ದರು. ಅಷ್ಟಕ್ಕೇ ನಿಲ್ಲಿಸದೆ, ನಿಮ್ಮಿಂದ ನನಗೆ ಬರಬೇಕಾದದ್ದನ್ನೂ ಬಿಟ್ಟೆ ಅಂದುಬಿಟ್ಟಿದ್ದಳು. ತಿರುಗಿ ಬರುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ. ಅವರೂ ಅಂದುಕೊಂಡಿರಲಿಲ್ಲ.

"ಸಾಯ್ತೀನಿ ಅಂತ ಹೇಳಿದ ಮಾತು ಚಿಕ್ಕಮ್ಮ ಅದು."

"ಬದುಕಿದ್ರೆ ವಾಪಸ್ ಕೊಡಿ ಅಂತ ಹೇಳಲಿಲ್ವಲ್ಲ? ಹಲಾಲ್ ಅಂದ ಮೇಲೆ ಅಂದ ಹಾಗೇ. ನನ್ನ ಮೇಲೆ ಯಾಕಮ್ಮ ಕಣ್ಣು ಬಿಡ್ತೀಯ, ಹಾಲು ಐದು ಮನೇಗೂ ಹೋಯ್ತು."

ಮಧ್ಯಾಹ್ನದ ಊಟಕ್ಕೆ ನೆಲದ ಮೇಲೆ ಬಟ್ಟೆ ಹಾಸಿ, ರೊಟ್ಟಿ, ಮೊಸರು, ಕಾಡುಸೊಪ್ಪು ಇಟ್ಟು ತಯ್ಯೆಬೆ ಈ ಸುದ್ದಿ ಹೇಳಿದಾಗ ಗೊಲಂದಾಮಳ ಗಂಡ ಬರಾತ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ತಿಂಗಳ ಹಾಲು! ಯಾರನ್ನ ಕೇಳಿ ಬಿಟ್ಟುಕೊಟ್ಟೆ?"

"ಸಾಯೋಳು ಯಾರನ್ನ ಕೇಳ್ಬೇಕು?" ಅಂದಳು ಗೊಲಂದಾಮ್.

ಬರಾತನ ತಾಯಿ ಬೀಬಿಗೆ ಎಂಬತ್ತೆರಡು. ಹಲ್ಲಿಲ್ಲದ ಬಾಯಿಯಲ್ಲಿ ರೊಟ್ಟಿಯ ಒಳಭಾಗವನ್ನಷ್ಟೇ ನೆನೆಸಿ ತಿನ್ನುತ್ತಿದ್ದಳು. "ನನ್ನ ಸೊಸೆ ಯಾವತ್ತು ಒಂದು ಕೆಲಸ ಪೂರ್ತಿ ಮಾಡಿದ್ಲು?" ಅಂದಳು. "ಸಾಯ್ತೀನಿ ಅಂತ ಹೊರಟ್ಲು, ಸಾಯಲಿಲ್ಲ. ಬದುಕಿ ಬಂದ್ಲು, ಹಾಲಿಲ್ಲ."

"ನೀವು ಸುಮ್ನಿರಿ ಬೀಬಿ," ಅಂದಳು ಗೊಲಂದಾಮ್.

"ಸುಮ್ನಿರ್ತೀನಮ್ಮ. ಚಳಿಗಾಲಕ್ಕೆ ನನ್ನ ಸಾರಿಗೆ ಒಣಮೊಸರು ಯಾರ ಮನೆಯಿಂದ ಕಡ ತರ್ತೀಯ, ಅದಷ್ಟು ಹೇಳು."

ಬರಾತನಿಗೆ ಮಾತ್ರ ಬೇರೊಂದು ಸಮಾಧಾನವಿತ್ತು. ಹಿಟ್ಟಿನ ಗಿರಣಿಯಲ್ಲಿ, ರೊಟ್ಟಿ ಅಂಗಡಿಯ ಸಾಲಿನಲ್ಲಿ, ಮಸೀದಿಯ ಕಟ್ಟೆಯ ಮೇಲೆ ಅವನು ಕಂಡವರಿಗೆಲ್ಲ ಹೇಳುತ್ತಿದ್ದ: ಆರು ವಾರದ ಕರೆಂಟು ಇಪ್ಪತ್ತೈದು ನಿಮಿಷಕ್ಕೆ! ಒಳಗೇ ಇಟ್ಟು ಹೊಲಿದುಬಿಟ್ಟರು. ಇನ್ನು ಏನೂ ಬೇಕಾಗಿಲ್ಲ.

ಮರುವಾರ ಬೆಳಗಿನ ಮಿನಿಬಸ್ಸಿಗೆ ತಯ್ಯೆಬೆ ಒಬ್ಬಳೇ ಮಶ್‍ಹದ್‍ಗೆ ಹೋಗಿ ಪರೀಕ್ಷೆಯ ವರದಿ ತಂದಳು. ಅವಳ ಗಂಡ ಎಸ್‍ಹಾಕ್ ದಕ್ಷಿಣದಲ್ಲಿ ಕಡಲ ಬದಿಯ ಗ್ಯಾಸ್ ಕಾರ್ಖಾನೆಯಲ್ಲಿದ್ದ. ತಿಂಗಳಿಗೊಮ್ಮೆ ಬರುವವನು. ಮನೆಯಲ್ಲಿ ಹನ್ನೊಂದನೆಯ ತರಗತಿಯವರೆಗೆ ಓದಿದವಳು ಅವಳೊಬ್ಬಳೇ. ಡಾಕ್ಟರಮ್ಮ ಕಾಗದ ತಿರುಗಿಸಿ, ಬೆರಳಿಟ್ಟು, ಎರಡು ಸಲ ಹೇಳಿದರು. ಬರುವ ದಾರಿಯುದ್ದಕ್ಕೂ ತಯ್ಯೆಬೆ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಳು, ಒಂದು ಮಾತೂ ತಪ್ಪಬಾರದೆಂದು.

ಅವತ್ತು ಸಂಜೆ ಈರುಳ್ಳಿ ಮೊಟ್ಟೆಯ ಸಾರು. ಎಲ್ಲರೂ ರೊಟ್ಟಿ ಮುರಿದು ಹಾಕಿಕೊಳ್ಳುವವರೆಗೆ ಕಾದು ಅವಳು ಹೇಳಿದಳು.

"ಕಂಕುಳಲ್ಲಿ ಮೂರು ಗಂಟು ತೆಗೆದಿದ್ರಲ್ಲ ಅತ್ತೆ, ಅದರಲ್ಲಿ ಎರಡರಲ್ಲಿ ಕಾಯಿಲೆ ಇದೆಯಂತೆ. ಮೊದಲು ನರಕ್ಕೆ ಬಾಟಲಿ ಮದ್ದು ಹಾಕ್ಬೇಕು. ಆಮೇಲೆ ಹೊರಗಡೆಯಿಂದ ಐದು ವಾರ ಕರೆಂಟು ಕೊಡ್ಬೇಕು. ಇನ್ನು ಮೂರು ವಾರದೊಳಗೆ ಶುರು ಆಗ್ಲೇಬೇಕು ಅಂದ್ರು."

"ಇನ್ನೊಂದು ಸಲ ಕರೆಂಟಾ?" ಬರಾತನ ಧ್ವನಿ ಏರಿತು. "ಒಂದೇ ಸಲ ಸಾಕು ಅಂತ ಅವ್ರೇ ಹೇಳಿದ್ದು! ದುಡ್ಡು ಕೀಳೋಕೆ ದಾರಿ ಇದು."

"ಆ ಗಂಟುಗಳಲ್ಲಿ ಏನೂ ಇಲ್ಲದಿದ್ರೆ ಸಾಕು ಅಂದಿದ್ರು ಮಾವ. ಅವ್ರು ಆ ಮಾತು ಮುಗಿಸೋದ್ರೊಳಗೆ ನೀವು ಸಿಹಿ ತರೋಕೆ ಹೋಗಿದ್ರಿ."

ಬೀಬಿ ಕಿಸಕ್ಕನೆ ನಕ್ಕಳು. ಬರಾತ್ ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತ. ಊರಿಗೆಲ್ಲ ಹೇಳಿದ್ದನ್ನು ಹೇಗೆ ನುಂಗುವುದೆಂದು ಅವನಿಗೆ ತಿಳಿಯಲಿಲ್ಲ.

ಗೊಲಂದಾಮ್ ಸಾರು ಪೂರ್ತಿ ಕುಡಿದು ಬಟ್ಟಲು ಒರೆಸಿದಳು. "ಹೋಗ್ತೀನಿ," ಅಂದಳು. "ಮೊದಲು ನನ್ನ ಹಾಲು ಬರ್ಲಿ."

"ಹಾಲಿಗೂ ಇದಕ್ಕೂ ಏನತ್ತೆ ಸಂಬಂಧ?"

"ಹೊಲಿಗೆ ಹಸಿಯಾಗಿರುವಾಗಲೇ ನನ್ನ ಕಡ್ಡಿ ಒಲೆಗೆ ಹಾಕಿದ್ರು. ಅವ್ರ ಪಾಲಿಗೆ ನಾನು ಸತ್ತಾಯ್ತು. ಈಗ ಇನ್ನೊಂದ್ಸಲ ಹೊರಟ್ರೆ, ಬದುಕಿದೀನಿ ಅಂತ ಯಾರ ಹತ್ರ ಹೋಗಿ ಹೇಳ್ಲಿ? ನನ್ನ ಸರದಿ ನನ್ನ ಅಂಗಳಕ್ಕೆ ಬರ್ಲಿ. ಮರುದಿನವೇ ಬಸ್ಸು ಹತ್ತೀನಿ."

ಎಷ್ಟು ಹೇಳಿದರೂ ಅದೇ ಮಾತು. ಎರಡು ದಿನ ನೋಡಿ ತಯ್ಯೆಬೆ ಕೊಕಬಳ ಮನೆಗೇ ಹೋದಳು. ಕೊಕಬ್ ತಂದೂರಿನ ಬೂದಿ ತೆಗೆಯುತ್ತಿದ್ದಳು.

"ಹಾಲು ಕೊಟ್ರೆ ಅತ್ತೆ ಆಸ್ಪತ್ರೆಗೆ ಹೋಗ್ತಾರೆ ಚಿಕ್ಕಮ್ಮ. ಇಲ್ಲದಿದ್ರೆ ಹೋಗಲ್ಲ. ನನಗೆ ಬೇರೆ ದಾರಿ ಗೊತ್ತಿಲ್ಲ."

ಕೊಕಬ್ ಸ್ವಲ್ಪ ಹೊತ್ತು ಬೂದಿ ಕೆದಕಿದಳು. "ಕೊಟ್ಟ ಮಾತಿನ ವಿಷಯ ಬಿಡು, ಅದನ್ನ ಹೇಗೋ ಸರಿ ಮಾಡ್ಬಹುದು. ಹೆಂಗಸರಿಗೆ ಹೆದರಿಕೆ ಕಣಮ್ಮ. ಅವಳ ಎದೆಯೊಳಗೆ ಕರೆಂಟು ಇಟ್ಟು ಹೊಲಿದಿದ್ದಾರೆ. ಅವಳು ಮುಟ್ಟಿದ ಹಾಲು ಎಲ್ಲರ ಹಾಲಿಗೂ ಸೇರುತ್ತೆ. ನನ್ನ ಸೊಸೆ ಬಸುರಿ."

"ಇಟ್ಟು ಹೊಲಿದ್ರು ಅಂತ ಯಾರು ಹೇಳಿದ್ದು?"

"ನಿಮ್ಮ ಮಾವನೇ. ಗಿರಣಿ ತುಂಬಾ ಜನ ಇದ್ರು."

ತಯ್ಯೆಬೆಗೆ ಅಳು, ಸಿಟ್ಟು ಒಟ್ಟಿಗೆ ಬಂತು. "ಇಟ್ಟಿಲ್ಲ ಚಿಕ್ಕಮ್ಮ. ಕೊಟ್ಟು, ತೆಗೆದು, ಆಮೇಲೆ ಹೊಲಿದ್ರು. ದೀಪ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ?"

"ನನಗೇನು ಗೊತ್ತಮ್ಮ. ನಾನು ಓದಿದವಳಾ?"

ಮನೆಗೆ ಬಂದು ತಯ್ಯೆಬೆ ಇದನ್ನು ಯಾರಿಗೂ ಹೇಳಬಾರದೆಂದುಕೊಂಡಿದ್ದಳು. ಆದರೆ ಮಾವನನ್ನು ಕಂಡೊಡನೆ ಬಾಯಿ ತಡೆಯಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಒಲೆಯ ಪಕ್ಕ ಕೂತಿದ್ದ ಬೀಬಿ ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ಕೋಲು ಎಲ್ಲಿ?" ಅಂದಳು.

ಮರುದಿನ ಬೆಳಗ್ಗೆ ಬೀಬಿ ಹಟ ಹಿಡಿದು ಗೊಲಂದಾಮಳ ಕೈಯಿಂದಲೇ ಕರಿ ಆಡಿನ ಹಾಲು ಕರೆಸಿದಳು. ಗೊಲಂದಾಮ್ ಬಲಗೈ ಒಂದರಲ್ಲೇ, ನಡುನಡುವೆ ಉಸಿರು ಹಿಡಿದು, ಒಂದು ಬಟ್ಟಲು ಕರೆದಳು. ಆ ಬಟ್ಟಲನ್ನು ತಯ್ಯೆಬೆಗೆ ಹೊರಿಸಿಕೊಂಡು, ಕೋಲೂರುತ್ತ ಬೀಬಿ ಆಗ ಸರದಿಯಿದ್ದ ಫೀರೂಜೆಯ ಅಂಗಳಕ್ಕೆ ಹೋದಳು. ಅಳೆಯುವ ಹೊತ್ತು, ಹೆಂಗಸರೆಲ್ಲ ಅಲ್ಲಿದ್ದರು.

"ಇದು ನನ್ನ ಸೊಸೆ ಕರೆದ ಹಾಲು," ಅಂದಳು ಬೀಬಿ. "ನೋಡ್ಕೊಳ್ಳಿ, ಆಮೇಲೆ ಮುದುಕಿ ನೀರು ಕುಡಿದ್ಲು ಅನ್ಬೇಡಿ." ನಿಂತಲ್ಲೇ ಗಟಗಟ ಕುಡಿದು, ತಲೆಬಟ್ಟೆಯ ತುದಿಯಲ್ಲಿ ಬಾಯಿ ಒರೆಸಿಕೊಂಡಳು. "ಕರೆಂಟು ಹತ್ತಿದ್ರೆ ಹತ್ಲಿ. ನಮ್ಮ ಮನೇಲಿ ಒಂದು ಬಲ್ಬಿನ ಖರ್ಚು ಉಳಿಯುತ್ತೆ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕೊಕಬ್ ನಗಲಿಲ್ಲ, ತಾಮ್ರದ ಪಾತ್ರೆಯ ಅಂಚು ಒರೆಸುತ್ತ ಯೋಚಿಸಿದಳು.

"ಸರಿ ಬೀಬಿ. ಬಿಟ್ಟದ್ದನ್ನ ನಾವು ತಗೊಂಡಿಲ್ಲ ಅಂತಲೇ ಇಟ್ಕೊಳ್ಳೋಣ. ಗೊಲಂದಾಮಳ ಸರದಿ ಕೊಡ್ತೀವಿ. ಆದ್ರೆ ಈಗ ಫೀರೂಜೆಯದು ನಡೀತಿದೆ, ಅವಳ ಮಗಳ ಮದುವೆ ಇದೆ. ಅವಳಿಗೆ ಎರಡು ಸರದಿ ಒಟ್ಟಿಗೆ. ಆಮೇಲೆ ಹಳೇ ಬಾಕಿಯವರು ಇಬ್ಬರಿದ್ದಾರೆ, ಅವರಿಗೂ ಎರಡೆರಡು. ಅವರದ್ದಾದ ಮೇಲೆ."

"ಅಂದ್ರೆ ಯಾವಾಗ?" ತಯ್ಯೆಬೆ ಕೇಳಿದಳು.

"ಐದು ವಾರ ಅನ್ಕೋ."

"ಡಾಕ್ಟರು ಕೊಟ್ಟಿರೋದು ಮೂರು ವಾರ ಚಿಕ್ಕಮ್ಮ. ಅದರಲ್ಲಿ ಮೂರು ದಿನ ಆಗ್ಲೇ ಹೋಗಿದೆ."

"ನಾನು ಡಾಕ್ಟರನ್ನ ನೋಡ್ಲಾ, ಮದುವೆ ನೋಡ್ಲಾ?" ಅಂದಳು ಫೀರೂಜೆ. ಅವಳ ಕಡೆಗೂ ನ್ಯಾಯವಿತ್ತು. ಬೀಗರಿಗೆ ಎರಡು ಡಬ್ಬ ತುಪ್ಪ ಒಪ್ಪಿಕೊಂಡಾಗಿತ್ತು.

ಗೊಲಂದಾಮ್ ಸುದ್ದಿ ಕೇಳಿ ಖುಷಿಪಟ್ಟಳು. "ಐದು ವಾರ ತಾನೇ? ಮೂವತ್ತು ವರ್ಷ ಕಾದಿದ್ದೀನಿ ಸರದಿಗೆ. ಐದು ವಾರ ಏನು ಮಹಾ."

ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ಮೊದಲ ಸಲ ತಯ್ಯೆಬೆ, ಮುಂದಿನ ವಾರ ಬರ್ತೀವಿ ಅಂದಳು. ಎರಡನೆಯ ಸಲ ಫೋನು ಎತ್ತಲಿಲ್ಲ. ಎಸ್‍ಹಾಕ್‍ಗೆ ಹೇಳಿದರೆ, "ಅಮ್ಮನ ಮನಸ್ಸು ನೋಯಿಸ್ಬೇಡ, ನಾನು ಬಂದು ಮಾತಾಡ್ತೀನಿ" ಅಂದ. ಬಂದವನು ನಾಲ್ಕು ದಿನ ಇದ್ದು, ಕೊಟ್ಟಿಗೆಯ ಸೂರು ರಿಪೇರಿ ಮಾಡಿ, ಅಮ್ಮನ ಕೈಗೆ ಮುತ್ತಿಟ್ಟು ಹೋದ. ಬರಾತನಂತೂ ಆ ವಿಷಯ ಬಂದರೆ ಆಡು ಕಾಯಲು ಹೊರಡುತ್ತಿದ್ದ.

ಮೂರನೆಯ ವಾರ ಮುಗಿದ ದಿನ ತಯ್ಯೆಬೆ ಹಿಟ್ಟು ನಾದುತ್ತಿದ್ದವಳು ಕೈ ಹಾಗೇ ಎತ್ತಿಕೊಂಡು ಅತ್ತೆಯ ಮುಂದೆ ಹೋಗಿ ನಿಂತಳು.

"ಹಾಲಿಗೋಸ್ಕರ ಸಾಯ್ತೀರಾ ಅತ್ತೆ?"

"ಸಾಯೋಕೆ ಹೋದಾಗ ಹಾಲು ಬಿಟ್ಟು ಹೋಗಿದ್ದೆ. ಈ ಸಲ ಬದುಕೋಕೆ ಹೋಗೋದು ತಾನೇ? ಪಡ್ಕೊಂಡು ಹೋಗ್ತೀನಿ."

"ಹಾಲು ಮುಂದಿನ ವರ್ಷವೂ ಬರುತ್ತೆ!"

"ನಾನು ಬರ್ತೀನಾ ಅಂತ ಹೇಳು ನೋಡೋಣ," ಅಂದಳು ಗೊಲಂದಾಮ್. ಆಮೇಲೆ ಮೆತ್ತಗೆ, "ಹಿಟ್ಟು ಒಣಗ್ತಿದೆ ಮಗಳೇ, ಹೋಗು" ಅಂದಳು.

ಸರದಿ ಬಂದಾಗ ಬೇಸಿಗೆ ಕಾಲಿಟ್ಟಿತ್ತು. ಆರು ದಿನ, ಬೆಳಗ್ಗೆ ಸಂಜೆ, ಐದು ಮನೆಯ ಹೆಂಗಸರು ಪಾತ್ರೆ ಹೊತ್ತು ಅಂಗಳಕ್ಕೆ ಬಂದರು. ಕೊಕಬಳ ಬಸುರಿ ಸೊಸೆ ಮಾತ್ರ ಬಾಗಿಲಿನಿಂದಾಚೆಯೇ ನಿಂತು ಪಾತ್ರೆ ದಾಟಿಸಿದಳು. ಕೊಕಬ್ ಕಡ್ಡಿ ಅದ್ದಿ ಗಟ್ಟಿಯಾಗಿ ಅಳತೆ ಹೇಳಿದಳು. ದೊಡ್ಡ ಕಡಾಯಿಯಲ್ಲಿ ಹಾಲು ಕಾಯಿತು, ಹೆಪ್ಪಾಯಿತು. ಮೂರು ಕೋಲಿಗೆ ತೊಗಲಿನ ಚೀಲ ಕಟ್ಟಿ ಅತ್ತೆ ಸೊಸೆ ಎದುರುಬದುರು ಕೂತು ತೂಗಿ ತೂಗಿ ಮೊಸರು ಕಡೆದರು. ಬೆಣ್ಣೆ ಬಂತು. ಮಜ್ಜಿಗೆ ಬತ್ತಿಸಿ, ಹಿಂಡಿ, ಒಣಮೊಸರಿನ ಉಂಡೆ ಕಟ್ಟಿ ಮಾಳಿಗೆಯ ಮೇಲೆ ಹರವಿದರು. ಬೇಡವೆಂದರೂ ಗೊಲಂದಾಮ್ ಕೈ ಹಾಕುತ್ತಿದ್ದಳು. ಎಡಗೈ ಮೊಣಕೈವರೆಗೆ ಊದಿ ಬಳೆ ಚರ್ಮಕ್ಕೆ ಹೂತುಹೋಗಿತ್ತು. ನಾಲ್ಕನೆಯ ದಿನ ಉಂಡೆ ಕಟ್ಟುತ್ತ ಬಲ ಪಕ್ಕೆ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.

"ಏನತ್ತೆ?"

"ಏನಿಲ್ಲ, ಬಗ್ಗಿ ಬಗ್ಗಿ ಹಿಡ್ಕೊಂಡಿದೆ."

ಏಳನೆಯ ದಿನ ಬೆಳಗ್ಗೆ, ಹೇಳಿದ ಮಾತಿನಂತೆ, ಕಪ್ಪು ಚಾದರ ಹೊದ್ದು ಅವಳೇ ಮೊದಲು ಬಸ್ಸಿನ ಹತ್ತಿರ ಹೋಗಿ ನಿಂತಳು. ಈ ಸಲ ಯಾರ ಮನೆಗೂ ಹೋಗಿ ಋಣ ಬಿಡಿಸಿಕೊಳ್ಳಲಿಲ್ಲ. ಡಾಕ್ಟರಮ್ಮನಿಗೆಂದು ತುಪ್ಪದ ಡಬ್ಬವೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಮಶ್‍ಹದ್‍ನಲ್ಲಿ ರಕ್ತ ತೆಗೆದರು, ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು, ಎರಡು ದಿನ ಕಾಯಿಸಿದರು. ಮೂರನೆಯ ದಿನ ಡಾಕ್ಟರಮ್ಮ ತಯ್ಯೆಬೆಯನ್ನು ಮಾತ್ರ ಒಳಗೆ ಕರೆದರು. ಗೊಲಂದಾಮ್ ಹಿಂದೆಯೇ ಬಂದು ಕುರ್ಚಿ ಎಳೆದು ಕೂತಳು.

"ನನ್ನ ಮೈ ತಾಯಿ. ನನ್ನೆದುರಿಗೇ ಹೇಳಿ."

ಡಾಕ್ಟರಮ್ಮ ಹೇಳಿದರು. ಪಿತ್ತಜನಕಾಂಗದಲ್ಲಿ ಕಾಯಿಲೆ ಕಾಣುತ್ತಿದೆ, ನಾಲ್ಕು ಕಡೆ. ಹೊರಗಿನಿಂದ ಐದು ವಾರ ವಿಕಿರಣ ಕೊಡುವುದರಿಂದ ಈಗ ಪ್ರಯೋಜನವಿಲ್ಲ. ಬಾಟಲಿ ಮದ್ದು ಕೊಡೋಣ, ತಡೆದಷ್ಟು ದಿನ ತಡೆಯುತ್ತೆ.

"ನೀವು ಹೇಳಿದ ಮೂರು ವಾರದೊಳಗೆ ಬಂದಿದ್ರೆ?" ತಯ್ಯೆಬೆ ಕೇಳಿದಳು.

"ಆಗಲೇ ಇತ್ತೋ ಏನೋ. ಬಂದಿದ್ರೆ ನೋಡಿರ್ತಿದ್ದೆ. ಈಗ ಯಾವುದನ್ನೂ ಖಚಿತವಾಗಿ ಹೇಳೋಕಾಗಲ್ಲಮ್ಮ."

ಗೊಲಂದಾಮ್ ಮೇಜಿನ ಮೇಲಿನ ಕಾಗದವನ್ನು ತನ್ನತ್ತ ತಿರುಗಿಸಿಕೊಂಡಳು. "ಹಾಗಾದ್ರೆ ಅವತ್ತು ಗಾಯದೊಳಗೆ ಕೊಟ್ರಲ್ಲ, ಆ ಕರೆಂಟು? ಅದು ಏನು ಮಾಡ್ತು?"

"ಅದು ತನ್ನ ಕೆಲಸ ಮಾಡಿದೆ. ಆ ಜಾಗ ಸ್ವಚ್ಛವಾಗಿದೆ. ಅಲ್ಲಿ ಏನೂ ಇಲ್ಲ."

"ಸದ್ಯ," ಅಂದಳು ಗೊಲಂದಾಮ್. ತುಪ್ಪದ ಡಬ್ಬವನ್ನು ಮೇಜಿನ ಮೇಲಿಟ್ಟು ಎದ್ದಳು.

ಬಸ್ಸಿನಲ್ಲಿ ತಯ್ಯೆಬೆ ಕಿಟಕಿಗೆ ಮುಖ ಕೊಟ್ಟು ಅತ್ತಳು. ಗೊಲಂದಾಮ್ ಅವಳ ತೊಡೆಯ ಮೇಲೆ ಊದಿದ ಕೈ ಇಟ್ಟಳು. "ನೀನು ಸರಿಯಾಗೇ ಹೇಳಿದ್ದೆ," ಅಂದಳು. "ನಾನೇ ಕೇಳಲಿಲ್ಲ. ಮನೇಲಿ ಯಾರಾದ್ರೂ ನಿನ್ನ ಮೇಲೆ ಹಾಕೋಕೆ ಬಂದ್ರೆ ನನ್ನ ಹತ್ರ ಕಳ್ಸು."

ಯಾರೂ ಬರಲಿಲ್ಲ. ಬರಾತ್ ಸುದ್ದಿ ಕೇಳಿದವನು ಹಗ್ಗ ತೆಗೆದುಕೊಂಡು ಕೊಟ್ಟಿಗೆಗೆ ಹೋದ. ಮರುದಿನ ಆರು ಆಡು ಹೊಡೆದುಕೊಂಡು ಸಂತೆಗೆ ಹೋಗಿ ಮಾರಿ, ಮದ್ದಿನ ಹಣ ತಂದು ಬೀಬಿಯ ಕೈಗೆ ಕೊಟ್ಟ. ಗಿರಣಿಗೆ ಹೋಗುವುದನ್ನು ಬಿಟ್ಟ. ಹಿಟ್ಟು ಬೀಸಿಸಲು ತಯ್ಯೆಬೆಯೇ ಹೋಗಬೇಕಾಯಿತು. ಎರಡು ಸಲ ಬಾಟಲಿ ಮದ್ದು ಆಯಿತು. ಗೊಲಂದಾಮಳ ಕೂದಲು ದಿಂಬಿನ ಮೇಲೆ ಉದುರಿತು. ರೊಟ್ಟಿಯ ವಾಸನೆಗೆ ವಾಂತಿ ಬರುವುದೆಂದು ತಯ್ಯೆಬೆ ಪಕ್ಕದ ಮನೆಯ ತಂದೂರಿನಲ್ಲಿ ರೊಟ್ಟಿ ಸುಡತೊಡಗಿದಳು. ಬೀಬಿ ಬೈಯುವುದನ್ನು ನಿಲ್ಲಿಸಿಬಿಟ್ಟಳು. ಅದು ಮನೆಯಲ್ಲಿ ಎಲ್ಲರಿಗೂ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬೇಸಿಗೆಯ ನಡುವಿಗೆ ಆಡುಗಳ ಹಾಲು ಬತ್ತಿತು. ಸರದಿ ಮುಗಿಯಿತು. ಉಳಿದ ಐದು ಆಡಿನ ಹಾಲಿನಿಂದ ತಾವು ಪಡೆದಷ್ಟನ್ನು ತೀರಿಸಲು ತಯ್ಯೆಬೆಗೆ ಆಗಿರಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನ, ಕೊಕಬ್ ಉಳಿದ ನಾಲ್ವರನ್ನೂ ಕರೆದುಕೊಂಡು ಬಂದಳು. ಕಂಬಳಿಯ ಮೇಲೆ ಸಾಲಾಗಿ ಕೂತರು. ತಯ್ಯೆಬೆ ಸಮೋವರ್‌ನಿಂದ ಚಹಾ ಬಗ್ಗಿಸಿ, ಸಕ್ಕರೆ ಉಂಡೆಯ ಬಟ್ಟಲಿಟ್ಟಳು. ಯಾರೂ ಲೋಟ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಗೊಲಂದಾಮ್ ತಲೆಯ ಬಟ್ಟೆ ಸರಿಮಾಡಿಕೊಂಡಳು.

"ಗೊಲಂದಾಮ್," ಅಂದಳು ಕೊಕಬ್, "ಈ ವರ್ಷದ ಹಾಲಿನಲ್ಲಿ ನಿಮ್ಮ ಕಡೆ ಉಳಿದದ್ದನ್ನ ನಾವೆಲ್ಲ ಸೇರಿ ಬಿಟ್ವಿ. ಹಲಾಲ್. ಮನಸ್ಸಲ್ಲಿ ಏನೂ ಇಟ್ಕೋಬೇಡ. ನೀನೂ ನಮ್ಮನ್ನ ಕ್ಷಮಿಸಿಬಿಡು."

"ಎಷ್ಟು ಉಳಿದಿದೆ?"

"ಬಿಟ್ಟ ಮೇಲೆ ಎಷ್ಟಾದ್ರೇನು."

"ಎಷ್ಟು ಅಂತ ಕೇಳ್ದೆ ಕೊಕಬಕ್ಕ."

"ಹದಿನೆಂಟು ಅಳತೆ."

"ಬಿಡಬೇಡಿ," ಅಂದಳು ಗೊಲಂದಾಮ್. "ಬಾಕಿ ಇರ್ಲಿ. ಮುಂದಿನ ವಸಂತಕ್ಕೆ ಆಡು ಈದ ಮೇಲೆ ಕೊಡ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಫೀರೂಜೆ ಚಾದರದ ತುದಿಯನ್ನು ಬಾಯಿಗಿಟ್ಟುಕೊಂಡಳು.

"ಅಯ್ಯೋ ತಂಗಿ, ಯಾಕೆ ಹಟ?" ಅಂದಳು ಕೊಕಬ್. "ಋಣ ಇಟ್ಕೊಂಡು..."

"ಇಟ್ಕೊಂಡು ಸಾಯ್ಬಾರದು, ಗೊತ್ತು. ಅದಕ್ಕೇ ಇಟ್ಕೊಳ್ತಿದ್ದೀನಿ. ಕೊಡ್ಬೇಕಾದೋಳು ಅಂತ ನೀವು ಬಂದು ಕೇಳ್ತಾ ಇರಿ. ಬಾಗಿಲಿಗೆ ಬಂದು ಜಗಳ ಆಡಿ, ಬೇಕಾದ್ರೆ ಬೈರಿ. ಈ ಅಳುಮುಖ ಹೊತ್ಕೊಂಡು ಮಾತ್ರ ಬರಬೇಡಿ."

ಬೀಬಿ ಮೂಲೆಯಿಂದ ಕೊಕಬಳನ್ನೇ ನೋಡುತ್ತಿದ್ದಳು. ಕೊಕಬ್ ಚಾದರದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಆಮೇಲೆ ಅಳೆಯುವಾಗ ಹೇಳುವ ಅದೇ ಗಡಸು ಧ್ವನಿಯಲ್ಲಿ ಹೇಳಿದಳು:

"ಹದಿನೆಂಟಲ್ಲ, ಹತ್ತೊಂಬತ್ತು. ಬಿಟ್ಟುಬಿಡೋದು ತಾನೇ ಅಂತ ಒಂದು ಕಡಿಮೆ ಹೇಳಿದ್ದೆ."

"ನನಗೆ ಗೊತ್ತಿತ್ತು," ಅಂದಳು ಗೊಲಂದಾಮ್. "ಚಾ ತಗೋ, ಆರ್ತಿದೆ."